ರುಚಿ ನೋಡದೆ ಮಾಡಿದ ರಸ

ಪಾದ್ರಿಗಳಿಗೆ ಸೋಮವಾರ ರಜೆ. ಲೋಕವೆಲ್ಲ ಕೆಲಸಕ್ಕೆ ಓಡುವ ಹೊತ್ತಿನಲ್ಲಿ ನಾವು ಪಂಚೆ ಉಟ್ಟುಕೊಂಡು, ಹಿಂದಿನ ದಿನ ಚರ್ಚಿನಲ್ಲಿ ಮಾಡಿದ ಪ್ರಸಂಗದಿಂದ ಬಳಲಿದವರ ಹಾಗೆ ಮುಖ ಮಾಡಿಕೊಂಡು, ಮನೆಯ ಮುಂದೆ ಕುರ್ಚಿ ಹಾಕಿ ಕೂರುತ್ತೇವೆ. ನಿಜವಾಗಿ ಬಳಲಿದವರು ಪ್ರಸಂಗ ಕೇಳಿದವರು. ಅವರು ಬೆಳಿಗ್ಗೆ ಏಳಕ್ಕೇ ಬಸ್ಸು ಹಿಡಿದು ಫ್ಯಾಕ್ಟರಿಗೆ ಹೋಗಿರುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಯಲಹಂಕದ ಒಂದು ಸಣ್ಣ ಚರ್ಚಿನ ಸಭಾಪಾಲಕನಾಗಿದ್ದೆ. ಆಗ ಈ ರಜೆಯನ್ನೂ ವ್ಯರ್ಥ ಮಾಡಬಾರದೆಂದು ಬೆಂಗಳೂರಿನ ಉತ್ತರ ದಿಕ್ಕಿನ ನಾಲ್ವರು ಪಾದ್ರಿಗಳು ನಿಶ್ಚಯಿಸಿದೆವು. ಪ್ರತಿ ತಿಂಗಳ ಮೊದಲ ಸೋಮವಾರ ಒಂದೆಡೆ ಸೇರಿ ದೈವಶಾಸ್ತ್ರೀಯ ಚಿಂತನೆ ನಡೆಸುವುದೆಂದು ತೀರ್ಮಾನವಾಯಿತು. ವ್ಯರ್ಥ ಮಾಡುವುದಕ್ಕೆ ಇದಕ್ಕಿಂತ ಗೌರವಾನ್ವಿತವಾದ ದಾರಿ ನಮಗೆ ಹೊಳೆಯಲಿಲ್ಲ.

ನಮ್ಮಲ್ಲಿ ಒಬ್ಬರನ್ನೊಬ್ಬರು ಊರಿನಿಂದಲೇ ಗುರುತಿಸುವ ಪದ್ಧತಿ. ಆರ್.ಟಿ. ನಗರದವರು ನಮ್ಮ ಅಧ್ಯಕ್ಷರು. ಎರಡು ವರ್ಷ ವಿದೇಶದಲ್ಲಿ ಓದಿ ಬಂದಿದ್ದರು. ಅಲ್ಲಿಂದ ತಂದದ್ದರಲ್ಲಿ ಒಂದು ಉಣ್ಣೆಯ ಕೋಟು, ಒಂದು ಚಿಂತನಾ ವಿಧಾನ. ಎರಡನ್ನೂ ಬೆಂಗಳೂರಿನ ಹವೆಗೆ ಹೊಂದಿಕೆಯಾಗುತ್ತದೋ ಇಲ್ಲವೋ ನೋಡದೆ ಬಳಸುತ್ತಿದ್ದರು. ಯಶವಂತಪುರದವರು ಪ್ರಸಂಗಕ್ಕೆ ಹೆಸರಾದವರು. ಅವರ ಕಂಠಕ್ಕೆ ಮೈಕು ಬೇಕಿರಲಿಲ್ಲ, ಆದರೂ ಮೈಕು ಹಾಕಿಸುತ್ತಿದ್ದರು. ಹೆಬ್ಬಾಳದವರು ವಯಸ್ಸಾದವರು, ಮಾತು ಕಡಿಮೆ. ಅವರಿಗೆ ವಿಧಾನ ಅರ್ಥವಾಗಿಲ್ಲ ಎಂದು ನಾವು ಮೂವರೂ ಒಪ್ಪಿಕೊಂಡಿದ್ದೆವು. ನಾಲ್ಕನೆಯವನು ನಾನು.

ವಿಧಾನ ಹೀಗಿತ್ತು. ಪ್ರತಿಯೊಬ್ಬರೂ ಪ್ರತಿ ತಿಂಗಳು ತಮ್ಮ ಸಭೆಯಲ್ಲಿ, ಎಂದರೆ ತಮ್ಮ ಚರ್ಚಿನ ಜನರ ನಡುವೆ, ನಡೆದ ಒಂದು ಪ್ರಕರಣವನ್ನು ಬರೆದು ತರಬೇಕು. ಅದಕ್ಕೆಂದೇ ಅಧ್ಯಕ್ಷರು ಸೈಕ್ಲೋಸ್ಟೈಲ್ ಮಾಡಿಸಿದ ಹಾಳೆಗಳನ್ನು ಕೊಟ್ಟಿದ್ದರು. ಹಾಳೆಯಲ್ಲಿ ಮೂರು ಅಂಕಣ. ಮೊದಲನೆಯದು ‘ನಡೆದದ್ದು’, ಎರಡನೆಯದು ‘ನನಗೆ ಅನಿಸಿದ್ದು’, ಮೂರನೆಯದು ‘ಇಲ್ಲಿ ದೇವರು ಎಲ್ಲಿದ್ದಾನೆ?’ ಮೊದಲನೆಯ ಅಂಕಣ ಅಗಲವಾಗಿತ್ತು, ಎರಡನೆಯದು ಇನ್ನೂ ಅಗಲ. ದೇವರಿಗೆ ಉಳಿದದ್ದು ಒಂದೂವರೆ ಅಂಗುಲ. ಆ ಒಂದೂವರೆ ಅಂಗುಲವನ್ನು ಸಾಮಾನ್ಯವಾಗಿ ನಾವು ಬಸ್ ಸ್ಟಾಪಿನಲ್ಲಿ ನಿಂತು ತುಂಬುತ್ತಿದ್ದೆವು.

ಹೆಸರು ಬರೆಯುವ ಹಾಗಿರಲಿಲ್ಲ. ಪ್ರಕರಣದಲ್ಲಿ ಬರುವವರ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ, ಸಭೆ ಯಾವುದೆಂದೂ ಇಲ್ಲ. ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಒಂದನ್ನು ಆರಿಸಿ ಅಧ್ಯಕ್ಷರೇ ಓದುತ್ತಿದ್ದರು, ಯಾರದೆಂದು ಕೇಳಬಾರದು. ಗೋಪ್ಯತೆ ಕಾಪಾಡುವುದಕ್ಕೆ ಇಷ್ಟು ಸಾಕು ಎಂದು ನಾಲ್ವರು ವಿದ್ಯಾವಂತರು ನಂಬಿದ್ದೆವು.

ಓದಿದ ಮೇಲೆ ಚರ್ಚೆಗೆ ಮೂರು ಹೆಜ್ಜೆ: ನೋಡುವುದು, ತೂಗುವುದು, ನಡೆಯುವುದು. ನೋಡುವುದಕ್ಕೆ ಅರ್ಧ ಗಂಟೆ, ತೂಗುವುದಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ನಡೆಯುವ ಹೊತ್ತಿಗೆ ಸರಿಯಾಗಿ ಅಧ್ಯಕ್ಷರ ಮನೆಯವರು ಉಪ್ಪಿಟ್ಟು ತರುತ್ತಿದ್ದರು. ಎರಡು ವರ್ಷ ನಡೆದ ಆ ಕೂಟದಲ್ಲಿ ಮೂರನೆಯ ಹೆಜ್ಜೆ ಇಟ್ಟ ನೆನಪು ನನಗಿಲ್ಲ. ಉಪ್ಪಿಟ್ಟು ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ.

ಈಗ ನನ್ನ ಸಭೆಯ ಆ ತಾಯಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ, ಮತ್ತೆ ಹಬ್ಬಗಳಲ್ಲಿ, ಕರ್ತನ ಭೋಜನ ನಡೆಯುತ್ತಿತ್ತು. ಸಭೆಯವರು ಎದ್ದು ಬಂದು, ವೇದಿಯ ಮುಂದಿನ ಕಟಕಟೆಗೆ ಮಂಡಿಯೂರಿ, ಒಂದು ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವುದು. ಆ ರಸ ಅಂಗಡಿಯದಲ್ಲ. ಬಾಗಲೂರಿನ ಕಡೆಯ ತೋಟಗಳಿಂದ ಕಪ್ಪು ದ್ರಾಕ್ಷಿ ತರಿಸಿ, ಹಿಂಡಿ, ಸಕ್ಕರೆ ಹಾಕಿ ಕುದಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸೋಸಿ, ಸೀಸೆಗಳಿಗೆ ತುಂಬಿ ಕೊಡುತ್ತಿದ್ದವರು ಸಭೆಯ ಒಬ್ಬ ವಿಧವೆ. ಐವತ್ತು ದಾಟಿದ ವಯಸ್ಸು. ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ಪ್ರತಿ ಭಾನುವಾರ ಗೋಡೆ ಪಕ್ಕದ ಒಂದೇ ಬೆಂಚಿನ ತುದಿಯಲ್ಲಿ, ಪ್ರಸಂಗ ಮಾಡುವ ಪೀಠಕ್ಕೆ ಬಲಗಡೆ ಕೊಟ್ಟು ಕೂರುತ್ತಿದ್ದರು.

ಆ ರಸದ ವಿಷಯದಲ್ಲಿ ಒಂದು ವಿಚಿತ್ರವಿತ್ತು. ವಿಪರೀತ ಸಿಹಿ. ಹಬ್ಬ ದೊಡ್ಡದಾದಷ್ಟೂ ಸಿಹಿ ಹೆಚ್ಚು. ನಮ್ಮ ರಕ್ಷಕನ ಶ್ರಮೆಯನ್ನು, ಶಿಲುಬೆಯ ಆ ಸಂಕಟವನ್ನು, ನೆನೆಯಬೇಕಾದ ಗಳಿಗೆಯಲ್ಲಿ ಇಡೀ ಸಭೆಗೆ ಜಿಲೇಬಿಯ ಪಾಕ ನೆನಪಾಗುತ್ತಿತ್ತು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಕಾರಣ, ಆಕೆ ರಸವನ್ನು ಮಾಡುವಾಗ ಒಂದು ಹನಿಯನ್ನೂ ನಾಲಿಗೆಗೆ ಇಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಕ್ಕಪಕ್ಕದ ಹಿಂದೂ ಮನೆಗಳಲ್ಲಿ ನೈವೇದ್ಯವನ್ನು ದೇವರಿಗಿಂತ ಮೊದಲು ರುಚಿ ನೋಡುವುದಿಲ್ಲವಲ್ಲ, ಹಾಗೇ ಈಕೆಯೂ ಎಂಜಲಾಗಬಾರದೆಂದು ಮಡಿಯಿಂದ ಮಾಡುತ್ತಾರೆ ಎಂದು ಸಭೆ ಅರ್ಥ ಮಾಡಿಕೊಂಡಿತ್ತು. ನನಗಿಂತ ಮೊದಲಿದ್ದ ಪಾದ್ರಿ ಇದನ್ನು ಪೀಠದಿಂದಲೇ ಹೊಗಳಿದ್ದರಂತೆ. ಅಂಥ ಭಕ್ತಿಯ ಎದುರಿಗೆ ಸಕ್ಕರೆಯ ಮಾತೆತ್ತುವುದು ಯಾರಿಂದ ಸಾಧ್ಯ?

ಆದರೆ ಆಕೆ ಭೋಜನಕ್ಕೂ ಎದ್ದು ಬರುತ್ತಿರಲಿಲ್ಲ. ರಸ ಮಾಡಿ ತರುವುದು, ಬೆಂಚಿನಲ್ಲಿ ಕೂರುವುದು, ಎಲ್ಲ ಮುಗಿದ ಮೇಲೆ ಖಾಲಿ ಸೀಸೆ ತೊಳೆದುಕೊಂಡು ಹೋಗುವುದು. ಇದಕ್ಕೂ ಸಭೆಯಲ್ಲಿ ಸಿದ್ಧವಾದ ವಿವರಣೆಯಿತ್ತು: ಮಂಡಿನೋವು.

ನಾನು ಹೊಸಬ. ಹೊಸ ಪಾದ್ರಿಗೆ ಕೇಳಬಾರದ್ದನ್ನು ಕೇಳುವ ಉತ್ಸಾಹ. ಆ ವರ್ಷ ಈಸ್ಟರ್‌ಗೆ ಮುಂಚಿನ ಶ್ರಮೆಯ ದಿನಗಳು ಶುರುವಾದ ವಾರ ಆಕೆಯ ಮನೆಗೆ ಹೋದೆ. ಶೀಟು ಹೊದಿಸಿದ ಒಂದು ಕೋಣೆ, ಒಂದು ಅಡುಗೆಮನೆ. ಕಾಫಿ ಕೊಟ್ಟರು. ಮಂಡಿನೋವಿಗೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಯಾವ ಮಂಡಿನೋವು ಎಂದರು. ಹಾಗಾದರೆ ಭೋಜನಕ್ಕೆ ಯಾಕೆ ಬರುವುದಿಲ್ಲ ಎಂದೆ.

“ನಿಜವಾಗ್ಲೂ ಕೇಳ್ತಿದ್ದೀರಾ ಅಯ್ನೋರೆ, ಇಲ್ಲಾ ಕೇಳ್ಬೇಕಲ್ಲ ಅಂತ ಕೇಳ್ತಿದ್ದೀರಾ?”

ನಿಜವಾಗಿಯೇ ಎಂದೆ. ಆಗ ಹಾಗೇ ಅಂದುಕೊಂಡಿದ್ದೆ.

ಆಕೆ ಹೇಳಿದ್ದು ಇಷ್ಟು. ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಎಡಗಿವಿ ಕೇಳಿಸದೆ ಹೋದದ್ದು ಹಾಗೆ. ಎಂಟು ವರ್ಷದ ಹಿಂದೆ ಅವನು ಲಿವರ್ ಕೆಟ್ಟು ಹಾಸಿಗೆ ಹಿಡಿದ. ಆಗಿನ ಪಾದ್ರಿ ಆರು ಜನ ಹಿರಿಯರನ್ನು ಕರೆದುಕೊಂಡು ಪ್ರಾರ್ಥನೆಗೆ ಬಂದರು. ಎಲ್ಲರೂ ಆ ಕೋಣೆಯಲ್ಲೇ ಮಂಡಿಯೂರಿದರು, ಆಕೆಯೂ ಊರಿದರು. ಈ ನಿನ್ನ ಮಗನನ್ನು ಹಾಸಿಗೆಯಿಂದ ಎಬ್ಬಿಸು ಎಂದು ಪಾದ್ರಿ ಬೇಡಿಕೊಂಡರು. ಎಲ್ಲರೂ ಆಮೆನ್ ಅಂದರು. ಯಾರಿಗೂ ಅನುಮಾನ ಬರಬಾರದೆಂದು ಆಕೆ ಎಲ್ಲರಿಗಿಂತ ಗಟ್ಟಿಯಾಗಿ ಅಂದರು. ಆದರೆ ಒಳಗೊಳಗೆ, ಅದೇ ಉಸಿರಿನಲ್ಲಿ, ಬೇಡ, ಎಬ್ಬಿಸಬೇಡ ಎಂದು ಬೇಡಿಕೊಂಡರು. ಮೂರನೆಯ ದಿನ ಗಂಡ ಸತ್ತ.

“ಏಳು ಜನ ಎಬ್ಬಿಸು ಅಂದ್ರು. ನಾನೊಬ್ಳು ಬೇಡ ಅಂದೆ. ದೇವರು ಯಾರ ಮಾತು ಕೇಳ್ದ ಅಯ್ನೋರೆ?”

ನಾನು ಕಾಫಿ ಲೋಟದ ತಳ ನೋಡಿದೆ.

“ನನ್ ಮಾತು ಕೇಳಿದ್ದಾದ್ರೆ, ಅದು ದೇವರೂ ನಾನೂ ಸೇರಿ ಮಾಡಿದ ಕೆಲಸ. ಅವನ ಕೈಯಿಂದ್ಲೇ ಹೆಂಗೆ ರೊಟ್ಟಿ ಇಸ್ಕೊಳ್ಳಲಿ? ಕೇಳ್ಲಿಲ್ಲ ಅನ್ನೋದಾದ್ರೆ, ಆ ಏಳು ಜನದ ಪ್ರಾರ್ಥನೆ ಎಲ್ಲಿಗೆ ಹೋಯ್ತು? ಎಂಟು ವರ್ಷದಿಂದ ಇದೇ ಯೋಚ್ನೆ ನಂಗೆ.”

ಹಾಗಾಗಿ ರಸ ಮಾಡುವುದುಂಟು, ಮುಟ್ಟುವುದಿಲ್ಲ. ಮಡಿಯಲ್ಲ, ಭಕ್ತಿಯಲ್ಲ. ತನಗೆ ಹಕ್ಕಿಲ್ಲ ಎಂಬ ಲೆಕ್ಕ.

ಮೂರು ವರ್ಷ ದೈವಶಾಸ್ತ್ರ ಓದಿದ್ದೆ. ಗ್ರೀಕಿನಲ್ಲಿ ಪ್ರಥಮ ಸ್ಥಾನ. ಆ ಅಡುಗೆಮನೆಯ ಬಾಗಿಲಲ್ಲಿ ಕೂತು, ಸ್ವಲ್ಪ ಯೋಚನೆ ಮಾಡಿ ಹೇಳ್ತೀನಮ್ಮ ಎಂದೆ. ಈಸ್ಟರ್‌ಗೆ ಮುಂಚೆ ಹೇಳಿ, ಈ ಹಬ್ಬಕ್ಕಾದರೂ ಬರೋದೋ ಬಿಡೋದೋ ತೀರ್ಮಾನ ಆಗಲಿ ಎಂದರು. ಆರು ವಾರವಿತ್ತು.

ಆಕೆ ಕೇಳಿದ್ದು ನನ್ನನ್ನು. ನಾನು ಯೋಚಿಸಿದ್ದು ಸೈಕ್ಲೋಸ್ಟೈಲ್ ಹಾಳೆಯಲ್ಲಿ. ಬಂದ ಸೋಮವಾರವೇ ಕೂಟ, ನನಗಿನ್ನೂ ಪ್ರಕರಣ ಸಿಕ್ಕಿರಲಿಲ್ಲ. ದೇವರು ಒದಗಿಸಿದ ಎಂದುಕೊಂಡೆ. ಹೆಸರು ಬಿಟ್ಟೆ, ಊರು ಬಿಟ್ಟೆ, ರೈಲ್ವೆ ಬಿಟ್ಟೆ. ಆದರೆ ತನ್ನ ಕೈಯಿಂದಲೇ ದ್ರಾಕ್ಷಾರಸ ಮಾಡಿ ತಾನೇ ಕುಡಿಯದ ಹೆಂಗಸು ಎಂಬ ಸಂಗತಿಯನ್ನು ಬಿಡಲಾಗಲಿಲ್ಲ. ಅದು ಪ್ರಕರಣಕ್ಕೆ ಒಂದು ತೂಕ ಕೊಡುತ್ತಿತ್ತು. ಅಡಿಗೆರೆ ಬೇರೆ ಹಾಕಿದೆ. ಒಬ್ಬ ಹೆಂಗಸನ್ನು ಗುರುತಿಸುವುದಕ್ಕೆ ಅವಳ ಹೆಸರು ಬೇಕಿಲ್ಲ, ಆ ಒಂದು ಸಾಲೇ ಸಾಕೆಂದು ಹೊಳೆಯದಷ್ಟು ಬರವಣಿಗೆಯ ಮದ ನನಗಿತ್ತು.

ಅಧ್ಯಕ್ಷರು ಅದನ್ನೇ ಆರಿಸಿ ಓದಿದರು. ಓದಿ ಮುಗಿಸಿ ಕಣ್ಣು ಮುಚ್ಚಿ ಅರ್ಧ ನಿಮಿಷ ಕೂತರು. ಬಹಳ ಶ್ರೀಮಂತವಾದ ಪ್ರಕರಣ ಎಂದರು. ಆಮೇಲೆ ತೂಗಲು ತೊಡಗಿದೆವು. ಇದು ಪ್ರಾರ್ಥನೆಯ ಪ್ರಶ್ನೆಯೇ ಅಲ್ಲ, ದೇವರ ಸಾರ್ವಭೌಮತ್ವದ ಪ್ರಶ್ನೆ ಎಂದು ಅಧ್ಯಕ್ಷರು ಹೇಳಿದರು. ನಾನು, ನನ್ನ ಪ್ರಕರಣವೆಂಬುದನ್ನು ಮರೆಮಾಚುವುದಕ್ಕಾಗಿ, ಪಾಪದ ಸ್ವರೂಪದ ಬಗ್ಗೆ ಕಾಲು ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಯಶವಂತಪುರದವರು ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದರು. ಒಂದೇ ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿದರು: ರಸ ಮಾಡೋದು ಆಕೆನೇನಾ?

ಹೆಬ್ಬಾಳದವರು ಕೊನೆಗೆ ಬಾಯಿಬಿಟ್ಟರು.

“ಆಕೆಗೆ ಕಿವಿ ಈಗ ಹೇಗಿದೆ?”

ನಾವು ಅವರನ್ನು ನೋಡಿದೆವು. ಅದು ಮೊದಲ ಹೆಜ್ಜೆಗೆ ಸೇರಿದ ಪ್ರಶ್ನೆ, ನಾವು ಈಗ ಎರಡನೆಯದರಲ್ಲಿದ್ದೇವೆ ಎಂದು ಅಧ್ಯಕ್ಷರು ಮೃದುವಾಗಿ ತಿಳಿಸಿದರು. ಹೆಬ್ಬಾಳದವರು ಸರಿ ಎಂದು ತಲೆಯಾಡಿಸಿದರು. ಉಪ್ಪಿಟ್ಟು ಬಂತು.

ಮೂರನೆಯ ಅಂಕಣಕ್ಕೆ ಆ ದಿನ ಕೂಟ ಒಪ್ಪಿದ ವಾಕ್ಯವನ್ನು ನಾವೆಲ್ಲ ಬರೆದುಕೊಂಡೆವು, ನನ್ನ ಹಾಳೆ ಬಹಳ ದಿನ ಜೇಬಿನಲ್ಲೇ ಇತ್ತು: ‘ದೇವರು ಪ್ರಶ್ನೆಯೊಳಗೇ ಇದ್ದಾನೆ.’ ಇದನ್ನು ಹಿಡಿದುಕೊಂಡು ಆಕೆಯ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ವಾರ ವಾರ ಆಕೆ ಬೆಂಚಿನಿಂದ ನನ್ನ ಮುಖ ನೋಡುತ್ತಿದ್ದರು. ನಾನು ಹಿಂದಿನ ಗೋಡೆಯ ಗಡಿಯಾರವನ್ನು ನೋಡುತ್ತಾ ಪ್ರಸಂಗ ಮಾಡುತ್ತಿದ್ದೆ.

ಈಸ್ಟರ್‌ಗೆ ಎರಡು ವಾರ ಮುಂಚೆ ಪೀಠ ವಿನಿಮಯದ ಭಾನುವಾರ ಬಂತು. ವರ್ಷಕ್ಕೊಮ್ಮೆ ಪಾದ್ರಿಗಳು ಪರಸ್ಪರರ ಚರ್ಚುಗಳಿಗೆ ಹೋಗಿ ಪ್ರಸಂಗ ಮಾಡುವ ಪದ್ಧತಿ ಅದು. ಸಭೆಗಳ ನಡುವೆ ಐಕ್ಯ ಬೆಳೆಯಲಿ ಎಂದು ಹೇಳುತ್ತಾರೆ. ಪಾದ್ರಿಗಳಿಗೆ ಅದರ ನಿಜವಾದ ಲಾಭ ಬೇರೆ: ಹಳೆಯ ಪ್ರಸಂಗವನ್ನು ಹೊಸ ಕಿವಿಗಳಿಗೆ ಮಾರಬಹುದು. ನನ್ನನ್ನು ಯಶವಂತಪುರಕ್ಕೆ ಹಾಕಿದ್ದರು. ಯಶವಂತಪುರದವರನ್ನು ಯಲಹಂಕಕ್ಕೆ.

ಆ ದಿನ ಯಶವಂತಪುರದಲ್ಲಿ ನನ್ನ ಪ್ರಸಂಗ ಬಹಳ ಚೆನ್ನಾಗಿ ಆಯಿತು. ಯಾಕೆ ಎಂದೂ ಹೇಳಿಬಿಡುತ್ತೇನೆ. ನಡುವೆ ಒಂದು ದೃಷ್ಟಾಂತ ಹೇಳಿದೆ: ಅಣ್ಣನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟು, ಅಣ್ಣ ಸತ್ತ ದಿನ ಶವದ ಕಿವಿಯಲ್ಲಿ ಕ್ಷಮೆ ಕೇಳಿದ ಒಬ್ಬ ತಮ್ಮನ ಕಥೆ. ಅದು ನನಗೆ ಸಿಕ್ಕಿದ್ದು ಕೂಟದಲ್ಲಿ. ಹೆಬ್ಬಾಳದವರ ಪ್ರಕರಣವಿರಬೇಕು. ನನಗೆ ಖಚಿತವಿರಲಿಲ್ಲ, ಹೆಸರಿರಲಿಲ್ಲವಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬ ಹಿರಿಯರು ಕೈ ಹಿಡಿದು, ಇಂಥ ಪ್ರಸಂಗ ಕೇಳಿ ಎಷ್ಟೋ ದಿನವಾಗಿತ್ತು ಎಂದರು. ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಾ ಬಂದೆ.

ಯಲಹಂಕದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಚರ್ಚಿನ ಗಂಟೆ ಹೊಡೆಯುವ ಮುದುಕ ಕಾಯುತ್ತಿದ್ದ. ಅವನು ಸುಮ್ಮನೆ ಬಂದು ನಿಲ್ಲುವ ಆಸಾಮಿಯಲ್ಲ.

“ಆ ಅಯ್ನೋರು ದ್ರಾಕ್ಷಿ ರಸದ ಅಮ್ಮನ ಕತೆ ಯೋಳ್ಬುಟ್ರು ಸೋಮಿ.”

ನನಗೆ ಒಮ್ಮೆಗೇ ಎಲ್ಲ ಅರ್ಥವಾಯಿತು, ಆದರೂ ಯಾವ ಅಮ್ಮ ಎಂದು ಕೇಳಿದೆ.

“ಇನ್ಯಾವಮ್ಮ? ರಸ ಮಾಡಿ ರಸ ಕುಡೀದೆ ಇರೋರು ನಮ್ಮೂರಲ್ಲಿ ಎಷ್ಟು ಜನವ್ರೆ? ಗಂಡ ಸಾಯ್ಲಿ ಅಂತ ಬೇಡ್ಕಂಡಿದ್ದು, ಎಲ್ಲಾ ಯೋಳುದ್ರು. ಎಲ್ರೂ ತಿರೀಕಂಡು ತಿರೀಕಂಡು ನೋಡುದ್ರು.”

ಆಕೆ ಏನು ಮಾಡಿದರು ಎಂದೆ.

“ಕುಂತಿತ್ತು. ಕಡೇಗಂಟ ಕುಂತಿತ್ತು. ಆಮ್ಯಾಕೆ ಎಂದಿನಂಗೆ ಸೀಸೆ ತೊಳ್ಕಂಡು ಓಯ್ತು.”

ಯಾವ ಮನುಷ್ಯನಾದರೂ ಅಲ್ಲಿಂದ ನೇರವಾಗಿ ಆಕೆಯ ಮನೆಗೆ ಹೋಗುತ್ತಿದ್ದ. ನಾನು ಮನೆಗೆ ಹೋಗಿ ಊಟ ಮಾಡಿದೆ. ಮರುದಿನ ತಿಂಗಳ ಮೊದಲ ಸೋಮವಾರ. ಆಕೆಯ ಬಳಿಗಲ್ಲ, ಕೂಟಕ್ಕೆ ಹೋದೆ.

ಹೋಗುವಾಗ ಭಾರಿ ಕೋಪ ಕಟ್ಟಿಕೊಂಡೇ ಹೋದೆ. ನಿಯಮ ಮುರಿದು, ಅದು ನನ್ನ ಪ್ರಕರಣ, ಆಕೆ ನನ್ನ ಸಭೆಯವರು, ನಿನ್ನೆ ನಿಮ್ಮೆದುರಿಗೇ ಕೂತಿದ್ದರು ಎಂದು ಯಶವಂತಪುರದವರಿಗೆ ಹೇಳಿದೆ. ಅವರ ಮುಖ ನಿಜವಾಗಿಯೂ ಬಿಳಿಚಿಕೊಂಡಿತು. ಅವರನ್ನು ಖಳನೆಂದು ಬರೆಯಲು ಕೈ ತುರಿಸುತ್ತದೆ, ಆದರೆ ಆ ಸೌಕರ್ಯ ನನಗಿಲ್ಲ. ಅವರಿಗೆ ಗೊತ್ತಿರಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ‘ರಸ – ವಿಧವೆ – ಆಮೆನ್’ ಎಂದು ಮಾತ್ರ ಇತ್ತು, ಯಾವ ಊರಿನದೆಂದು ಇರಲಿಲ್ಲ. ಹೆಸರು ಅಳಿಸಿ ಅಳಿಸಿ ನಾವು ಎಂಥ ಪರಿಪೂರ್ಣತೆ ಮುಟ್ಟಿದ್ದೆವೆಂದರೆ, ಗುಟ್ಟನ್ನು ಯಾರಿಂದ ಮುಚ್ಚಿಡಬೇಕೆಂಬುದೇ ಗುಟ್ಟಿಟ್ಟವರಿಗೆ ತಿಳಿಯದಂತಾಗಿತ್ತು.

“ಹೆಸರು ಹೇಳ್ಲಿಲ್ಲ ಕಣ್ರೀ ನಾನು,” ಎಂದರು ಯಶವಂತಪುರದವರು. ನೋಟ್‌ಬುಕ್ ಮುಚ್ಚಿ ಸೇರಿಸಿದರು: “ಕೊನೆ ಚೆನ್ನಾಗಿ ಮಾಡಿದೆ. ಆಕೆ ಪಶ್ಚಾತ್ತಾಪಪಟ್ಟು ಅಳ್ತಾ ವೇದಿಗೆ ಬರ್ತಾಳೆ, ಪಾತ್ರೆ ತಗೋತಾಳೆ. ಒಳ್ಳೇದಾಗೇ ಮುಗಿಸ್ದೆ.”

ಅಧ್ಯಕ್ಷರು ಕಣ್ಣು ಮುಚ್ಚಿ ಕೂತಿದ್ದವರು ತೆರೆದರು. ಬಹಳ ಶ್ರೀಮಂತವಾದ ಸನ್ನಿವೇಶ ಎಂದರು. ಸಭಾಸೇವೆಯಲ್ಲಿ ಗೋಪ್ಯತೆ ಎಂಬ ವಿಷಯದ ಮೇಲೆ ಇದನ್ನೇ ಮುಂದಿನ ತಿಂಗಳ ಪ್ರಕರಣವನ್ನಾಗಿ ತೆಗೆದುಕೊಳ್ಳಬಹುದಲ್ಲ, ನೀವೇ ಬರೆದು ತನ್ನಿ ಎಂದು ನನಗೆ ಹೊಸ ಹಾಳೆಗಳನ್ನು ಕೊಡಲು ಎದ್ದರು.

ನಾನು ಎದ್ದು ಹೊರಟೆ. ಉಪ್ಪಿಟ್ಟಿಗೆ ಮುಂಚೆ ಆ ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಗೇಟಿನವರೆಗೆ ಹೆಬ್ಬಾಳದವರು ಜೊತೆಗೆ ಬಂದರು. ಯಶವಂತಪುರದಲ್ಲಿ ನಾನು ಹೇಳಿದ ಅಣ್ಣ ತಮ್ಮನ ಕಥೆ ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಆಕೆಯ ಮನೆಗೆ ಹೋಗಿ ಎಂದಷ್ಟೇ ಹೇಳಿದರು. ನನಗೂ ಯಶವಂತಪುರದವರಿಗೂ ಇದ್ದ ವ್ಯತ್ಯಾಸವೆಲ್ಲ ಬರೀ ವಿಳಾಸದ್ದು. ನಾನು ಕದ್ದ ಕಥೆಯ ಒಡೆಯ ಆ ಭಾನುವಾರ ಬೇರೆ ಚರ್ಚಿನಲ್ಲಿ ಕೂತಿದ್ದ, ಅಷ್ಟೇ.

ಮಧ್ಯಾಹ್ನ ಆಕೆಯ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ, ಅದರಲ್ಲಿ ಈಸ್ಟರ್‌ನ ರಸ ಕುದಿಯುತ್ತಿತ್ತು. ಆಕೆ ಮರದ ಸೌಟಿನಿಂದ ತಿರುವುತ್ತಿದ್ದರು. ಹಬ್ಬದ ರಸ ಈ ಸಲ ಬರುವುದಿಲ್ಲ, ಬಸ್ಸು ಹಿಡಿದು ಹೋಗಿ ಪೇಟೆಯ ಅಂಗಡಿಯಲ್ಲಿ ಸೀಸೆ ಕೊಳ್ಳಬೇಕಾಗುತ್ತದೆ ಎಂದು ದಾರಿಯಲ್ಲಿ ಲೆಕ್ಕ ಹಾಕುತ್ತಾ ಬಂದಿದ್ದೆ. ಅಂಥ ಹೊತ್ತಿನಲ್ಲೂ ನನ್ನ ಚಿಂತೆ ಹಬ್ಬದ ಏರ್ಪಾಟಿನದು.

ತಪ್ಪಾಯಿತು ಎಂದೆ. ಎಡಗಡೆ ನಿಂತಿದ್ದೆ. ಆಕೆಗೆ ಕೇಳಿಸಲಿಲ್ಲ. ಬಲಗಡೆಗೆ ಬಂದು ಇನ್ನೊಮ್ಮೆ ಹೇಳಬೇಕಾಯಿತು.

“ನಾನು ನಿಮ್ಮೊಬ್ರಿಗೆ ಹೇಳ್ದೆ,” ಎಂದರು, ಸೌಟು ನಿಲ್ಲಿಸದೆ. “ಯೋಚ್ನೆ ಮಾಡ್ತೀನಿ ಅಂದ್ರಿ. ಯೋಚ್ನೆಗೆ ಇಷ್ಟೊಂದು ಜನ ಬೇಕಾಗುತ್ತೆ ಅಂತ ಗೊತ್ತಿರ್ಲಿಲ್ಲ ನಂಗೆ.”

ಇನ್ನೊಂದು ಕೈಯಿಂದ ಒಲೆಯ ಉರಿ ತಗ್ಗಿಸಿದರು.

“ಅವರ ಕತೇಲಿ ನಾನು ಎದ್ದು ಹೋಗ್ಬಿಟ್ಟಿದ್ದೀನಿ ಅಯ್ನೋರೆ. ಅತ್ಕೊಂಡು ಹೋಗಿ ಮಂಡಿ ಊರಿ ಕುಡ್ದೂ ಆಯ್ತು. ನಾನ್ ನೋಡಿದ್ರೆ ಬೆಂಚಿನ ಮೇಲೇ ಕೂತಿದ್ದೀನಿ.” ಒಂದು ಸಲ ನಕ್ಕರು. ಆ ನಗುವಿನ ಎದುರಿಗೆ ನಿಲ್ಲುವುದಕ್ಕಿಂತ ಬೈಗುಳ ಹಗುರವಾಗಿರುತ್ತಿತ್ತು. “ಇರ್ಲಿ. ನಿಮ್ಮುತ್ರ ಏನು?”

ಜೇಬಿಗೆ ಕೈ ಹೋಯಿತು. ಹಾಳೆ ಅಲ್ಲೇ ಇತ್ತು. ಆಕೆ ನೋಡಿದರು.

“ಕಾಗದ ಬೇಡ.”

“ಗೊತ್ತಿಲ್ಲಮ್ಮ,” ಎಂದೆ.

“ಅದನ್ನ ಅವತ್ತೇ ಹೇಳ್ಬಹುದಿತ್ತಲ್ಲ?”

ಹೇಳಬಹುದಿತ್ತು. ಮೂರು ವರ್ಷದ ಓದು, ದೀಕ್ಷೆ, ಬಿಳಿಯ ನಿಲುವಂಗಿ, ಇವೆಲ್ಲವೂ ಆ ಒಂದು ಮಾತನ್ನು ಹೇಳದೆ ಇರುವುದಕ್ಕಾಗಿಯೇ ಮನುಷ್ಯನಿಗೆ ಕೊಡುವಂಥವು. ಬೇರೆ ಏನೂ ತೋಚದೆ, ಕಿವಿ ಈಗ ಹೇಗಿದೆ ಎಂದು ಕೇಳಿದೆ.

ಸೌಟು ನಿಂತಿತು. ಚಳಿಗಾಲದಲ್ಲಿ ನೋಯುತ್ತದೆ, ಒಳಗೆ ರೈಲು ಹೋದ ಹಾಗೆ ಸದ್ದಾಗುತ್ತದೆ ಎಂದು ನಿಧಾನವಾಗಿ ಹೇಳಿದರು. ಎಂಟು ವರ್ಷದಲ್ಲಿ ಅದನ್ನು ಕೇಳಿದವರು ನೀವೊಬ್ಬರೇ ಎಂದೂ ಹೇಳಿದರು. ಆ ಪ್ರಶ್ನೆಯೂ ನನ್ನದಲ್ಲ, ಹೆಬ್ಬಾಳದವರದು ಎಂದು ನಾನು ಹೇಳಲಿಲ್ಲ. ಕದಿಯುವುದು ಅಷ್ಟು ರೂಢಿಯಾಗಿತ್ತು.

ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಒಂದು ಮಾತು ತೆಗೆದುಕೊಂಡರು.

“ನಾನಿರೋವರ್ಗೂ ಇದನ್ನ ಎಲ್ಲೂ ಬರೀಬೇಡಿ, ಹೇಳ್ಬೇಡಿ. ಸತ್ಮೇಲೆ ಬೇಕಾದ್ರೆ ಬರ್ಕೊಳ್ಳಿ. ಎದ್ದು ಹೋದಳು ಅಂತ ಮಾತ್ರ ಬರೀಬೇಡಿ.”

ಆಕೆ ತೀರಿಕೊಂಡು ಬಹಳ ವರ್ಷವಾಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ, ಮತ್ತು ಸಭೆಯ ದಾಖಲೆಗಾಗಿ ಸ್ಪಷ್ಟವಾಗಿ ಹೇಳುತ್ತಿದ್ದೇನೆ: ಆಕೆ ಎದ್ದು ಹೋಗಲಿಲ್ಲ.

ಈಸ್ಟರ್ ಭಾನುವಾರ ಚರ್ಚು ಕಿಕ್ಕಿರಿದಿತ್ತು. ವರ್ಷವಿಡೀ ಮುಖ ತೋರಿಸದವರೂ ಹೊಸ ಬಟ್ಟೆಯಲ್ಲಿ ಬಂದಿದ್ದರು. ಕೆಲವರು ಪುನರುತ್ಥಾನಕ್ಕೆ, ಹಲವರು ಆಕೆ ಇವತ್ತು ಏಳುತ್ತಾಳೋ ನೋಡುವುದಕ್ಕೆ. ಸೀಸೆಗಳು ಎಂದಿನಂತೆ ಬೆಳಿಗ್ಗೆಯೇ ಬಂದಿದ್ದವು. ನಾನು ಸಭೆಯನ್ನು ಭೋಜನಕ್ಕೆ ಕರೆದಾಗ, ಮೊದಲ ಸಲ, ಗಡಿಯಾರವನ್ನು ಬಿಟ್ಟು ಆ ಬೆಂಚಿನ ಕಡೆ ನೋಡಿದೆ. ಇಡೀ ಸಭೆಯೂ ನೋಡಿತು. ಕಟಕಟೆಗೆ ಬಂದವರು ಮಂಡಿಯೂರುವಾಗಲೂ ಓರೆಗಣ್ಣಲ್ಲಿ ನೋಡುತ್ತಿದ್ದರು. ಒಬ್ಬ ಹಿರಿಯನಿಗೆ ರೊಟ್ಟಿ ಕೊಟ್ಟರೆ ಅವನ ಕೈ ಇಲ್ಲಿ, ಕಣ್ಣು ಅಲ್ಲಿ. ಎಂಟು ವರ್ಷದ ಹಿಂದೆ ಆ ಕೋಣೆಯಲ್ಲಿ ಆಮೆನ್ ಅಂದ ಆರರಲ್ಲಿ ಅವನೂ ಒಬ್ಬ. ಆಕೆ ಮಡಿಲಲ್ಲಿ ಕೈ ಇಟ್ಟುಕೊಂಡು, ಬಲಗಿವಿ ಪೀಠಕ್ಕೆ ಕೊಟ್ಟು, ಕೂತೇ ಇದ್ದರು. ಸಭೆಗೆ ನಿರಾಶೆಯಾದದ್ದು ಕೊನೆಯ ಕೀರ್ತನೆಯ ಸ್ವರದಲ್ಲೇ ತಿಳಿಯುತ್ತಿತ್ತು.

ಆರಾಧನೆ ಮುಗಿದ ಮೇಲೆ ಉಳಿದ ರೊಟ್ಟಿಯನ್ನೂ ರಸವನ್ನೂ ಪಾದ್ರಿಯೇ ಸೇವಿಸಿ ಮುಗಿಸಬೇಕು, ಚೆಲ್ಲಬಾರದು. ಪೀಠದ ಹಿಂದಿನ ಸಣ್ಣ ಕೋಣೆಯಲ್ಲಿ ಒಬ್ಬನೇ ನಿಂತು ಪಾತ್ರೆ ಎತ್ತಿದ್ದೆ. ಬಾಗಿಲ ಬಳಿ ಸದ್ದಾಯಿತು. ಆಕೆ ಸೀಸೆ ತೊಳೆಯುವುದಕ್ಕೆ ಬಂದಿದ್ದರು.

“ಉಳಿದಿದ್ಯಾ?”

ಉಳಿದಿದೆ ಎಂದೆ.

“ಪೂರ್ತಿ ಕುಡೀಬೇಡಿ. ಅಲ್ಲಿ ಎದ್ದು ಬಂದಿದ್ರೆ ಆ ಅಯ್ನೋರ ಕತೆ ನಿಜ ಆಗ್ಬಿಡ್ತಿತ್ತು. ಇಲ್ಲೇ ಕೊಡಿ.”

ಪಾಪ ನಿವೇದನೆ ಆಯಿತೇ, ಪ್ರಶ್ನೆ ಬಗೆಹರಿಯಿತೇ, ಮಂಡಿಯೂರಬೇಕಲ್ಲವೇ, ಇದಕ್ಕೆ ನಿಯಮದಲ್ಲಿ ಜಾಗವಿದೆಯೇ ಎಂದು ನಾನು ಕೇಳಲಿಲ್ಲ. ಕೂಟಕ್ಕೆ ಕೊಟ್ಟಿದ್ದರೆ ಮೂರು ಸೋಮವಾರ ಹಿಡಿಯುತ್ತಿತ್ತು. ಆಕೆಯ ಬಲಗಡೆಗೆ ಹೋಗಿ ನಿಂತು, ಹೇಳಬೇಕಾದ ಮಾತುಗಳನ್ನು ಆ ಕಿವಿಗೆ ಹೇಳಿ, ರೊಟ್ಟಿಯ ತುಂಡು ಕೊಟ್ಟೆ. ನಿಂತೇ ತಿಂದರು. ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು.

ಮುಖ ಹುಳ್ಳಗಾಯಿತು. ಅಳು ಬಂತೆಂದುಕೊಂಡೆ. ಪಶ್ಚಾತ್ತಾಪವೆಂದುಕೊಂಡೆ. ಇಷ್ಟೆಲ್ಲ ಆದ ಮೇಲೂ ನನ್ನ ತಲೆಯಲ್ಲಿ ಎಲ್ಲೋ ಒಂದು ಅಂಕಣ ತುಂಬಿಕೊಳ್ಳುತ್ತಿತ್ತು.

ಆಕೆ ಪಾತ್ರೆಯೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಎಂಟು ವರ್ಷದಿಂದ ಇದನ್ನೇ ಕುಡೀತಿದ್ರಾ ಎಲ್ರೂ? ಇಷ್ಟೊಂದು ಸಕ್ಕರೆ ಆಗಿದೆ ಅಂತ ಒಬ್ರೂ ಹೇಳ್ಲಿಲ್ವಲ್ಲ ಅಯ್ನೋರೆ.”